ಒಗೆದ ಮೇಲೆ ಕೆಟ್ಟ ಕೈಚೀಲ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ನನಗೆ ಫೋನು ಬರಲು ಶುರುವಾಗುತ್ತದೆ. "ಅಕ್ಕಾ, ನಿಮ್ಮ ಹತ್ರ ತಗೊಂಡ ಚೀಲ ಹಾಳಾಯ್ತು." ನಾನು ಕೇಳುವುದು ಒಂದೇ ಪ್ರಶ್ನೆ. "ಒಗೆದ್ರಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನಕ್ಕೆ, "ಹೂಂ, ಕೊಳೆಯಾಗಿತ್ತು ಅಂತ ಬಟ್ಟೆ ಜೊತೆ ಮಷಿನ್‌ಗೆ ಹಾಕಿದೆ."

ನಾನು ಸಾಗರದ ಮನೆಯಲ್ಲಿ ಕೂತು ಖಣ (ಉತ್ತರ ಕರ್ನಾಟಕದ ರವಿಕೆ ಬಟ್ಟೆ), ಖಾದಿ, ಕೈಮಗ್ಗದ ತುಂಡುಗಳಲ್ಲಿ ಚೀಲ ಹೊಲಿಯುತ್ತೇನೆ. ಬೇರೆಯವರು ಹೊಲಿದದ್ದನ್ನೂ ರಿಪೇರಿ ಮಾಡುತ್ತೇನೆ. ನನ್ನ ಹತ್ತಿರ ಬರುವುದರಲ್ಲಿ ಕೊಳೆಯಿಂದ ಕೆಟ್ಟ ಚೀಲ ಕಡಿಮೆ, ಒಗೆದು ಕೆಟ್ಟದ್ದೇ ಜಾಸ್ತಿ. ಚೀಲವನ್ನು ನಾವು ಬಟ್ಟೆ ಅಂದುಕೊಳ್ಳುತ್ತೇವೆ, ಅಲ್ಲೇ ತಪ್ಪುವುದು. ಸೀರೆ ಬಟ್ಟೆ, ಟವೆಲ್ ಬಟ್ಟೆ, ಸರಿ. ಚೀಲದಲ್ಲಿ ಹೊರಗೆ ಒಂದು ಬಟ್ಟೆ, ಒಳಗೆ ಲೈನಿಂಗ್ ಇನ್ನೊಂದು ಬಟ್ಟೆ, ಎರಡರ ನಡುವೆ ಕ್ಯಾನ್ವಾಸೋ ಫೋಮೋ, ತಳದಲ್ಲಿ ರಟ್ಟು, ಬಾಯಿಗೆ ಜಿಪ್ಪು, ಅದರ ಮೇಲೊಂದು ಮ್ಯಾಗ್ನೆಟ್ ಬಟನ್ನು. ನೀರು ಕಂಡರೆ ಒಂದೊಂದಕ್ಕೂ ಒಂದೊಂದು ಬುದ್ಧಿ. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಮತ್ತೊಂದು ಮೆತ್ತಗಾಗಿ ಕೂರುತ್ತದೆ, ಕೊನೆಯದು ತುಕ್ಕು ಹಿಡಿಯುತ್ತದೆ. ಹೊರಗೆ ಕಾಣುವ ದೋಷದ ಬೇರು ಎಷ್ಟೋ ಸಲ ಒಳಗಿನ ಪದರದಲ್ಲಿ ಇರುತ್ತದೆ. ಅದನ್ನು ನೋಡದೆ ಮೇಲೆ ಮೇಲೆ ತಿಕ್ಕಿದಷ್ಟೂ ಕೆಡುತ್ತದೆ.

ನೀರು ಮುಟ್ಟಿಸುವ ಮೊದಲು

ಐದು ನಿಮಿಷ ಚೀಲವನ್ನು ಕೈಯಲ್ಲಿ ಹಿಡಿದು ನೋಡಿ. ತಳವನ್ನು ಸ್ವಲ್ಪ ಬಗ್ಗಿಸಿ. ಬಗ್ಗಿಸಿದ ಜಾಗದಲ್ಲಿ ಮಡಿಕೆ ಉಳಿದರೆ ಒಳಗಿರುವುದು ರಟ್ಟು. ಆ ಚೀಲವನ್ನು ಬಕೆಟ್ಟಿನಲ್ಲಿ ಮುಳುಗಿಸುವ ಹಾಗೇ ಇಲ್ಲ. ಬಗ್ಗಿಸಿ ಬಿಟ್ಟ ತಕ್ಷಣ ನೆಟ್ಟಗಾದರೆ ಪ್ಲಾಸ್ಟಿಕ್ ಹಾಳೆ, ಭಯವಿಲ್ಲ. ಬದಿಯನ್ನು ಹಿಂಡಿ. ಸ್ಪಂಜಿನ ಹಾಗೆ ಒತ್ತಿ ಮೇಲೆ ಬಂದರೆ ಫೋಮು. ಗರಿಗರಿ ಅನ್ನಿಸಿದರೆ ಕ್ಯಾನ್ವಾಸು ಅಥವಾ ಬಕ್ರಂ, ಅಂದರೆ ಚೀಲ ಬಿಗಿಯಾಗಿ ನಿಲ್ಲಲು ಒಳಗೆ ಹಾಕುವ ಗಟ್ಟಿ ಬಟ್ಟೆ. ಹಳೆಯ ರೀತಿಯ ಬಕ್ರಂಗೆ ಬಿಗಿ ಬರುವುದೇ ಗಂಜಿಯಿಂದ. ನೀರಿಗೆ ಬಿದ್ದರೆ ಆ ಬಿಗಿ ನೀರಲ್ಲೇ ಉಳಿಯುತ್ತದೆ.

ಆಮೇಲೆ ಲೈನಿಂಗನ್ನು ಹೊರಗೆ ಎಳೆದು ಅದರ ತಳ ನೋಡಿ. ಒಂದು ಕಡೆ ಸುಮಾರು ಗೇಣುದ್ದ ಬೇರೆ ಥರ ಹೊಲಿಗೆ ಕಾಣುತ್ತದೆ. ಕೈಹೊಲಿಗೆ ಇರಬಹುದು, ಇಲ್ಲವೇ ಅಂಚಿಗೆ ಒತ್ತಿ ಹೊಡೆದ ಮಷಿನ್ ಹೊಲಿಗೆ. ಹೊಲಿಯುವಾಗ ಚೀಲವನ್ನು ತಿರುವಿ ಹಾಕಲು ಬಿಟ್ಟ ಬಾಯಿ ಅದು. ಆ ಜಾಗ ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಅರ್ಧ ರಿಪೇರಿಗಳು ಅಲ್ಲಿಂದಲೇ ಆಗುತ್ತವೆ.

ಬಟ್ಟೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಹೊಲಿಗೆಯ ಒಳ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಖಣದ ಚೀಲವಾದರೆ ಉದ್ದದ ಎಳೆ, ಅಡ್ಡದ ಎಳೆ ಎರಡನ್ನೂ ಸುಟ್ಟು ನೋಡಿ. ಗುಳೇದಗುಡ್ಡದ ಹಳೆಯ ರೀತಿಯ ಖಣದಲ್ಲಿ ಹಾಸು (ಉದ್ದದ ಎಳೆ) ರೇಷ್ಮೆ, ಹೊಕ್ಕು (ಅಡ್ಡದ ಎಳೆ) ಹತ್ತಿ. ಒಂದೇ ಬಟ್ಟೆಯಲ್ಲಿ ಎರಡು ಸ್ವಭಾವ. ಈಗ ಖಣ ಅಂತ ಮಾರುವುದರಲ್ಲಿ ಪೂರಾ ಪಾಲಿಯೆಸ್ಟರ್ ಇರುವುದೂ ಉಂಟು. ಅದು ಒಗೆಯಲು ಸುಲಭ, ಆದರೆ ಖಣದ ರೇಟು ಕೊಟ್ಟು ತಂದವರಿಗೆ ಇದನ್ನು ಹೇಳುವುದು ಕಷ್ಟ.

ಕೊನೆಯದು ಬಣ್ಣದ ಪರೀಕ್ಷೆ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಕಾಣದ ಜಾಗದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಇನ್ನೊಂದು ಒಣ ಬಿಳಿ ಬಟ್ಟೆಯಿಂದ ಬೇರೆ ಜಾಗದಲ್ಲಿ ಹತ್ತು ಸಲ ಉಜ್ಜಿ. ಎರಡನ್ನೂ ಮಾಡಬೇಕು. ಯಾಕೆ ಅಂತ ಈಗ ಹೇಳುತ್ತೇನೆ. ಹೊರ ಬಟ್ಟೆ, ಲೈನಿಂಗು, ಕಸೂತಿ ದಾರ, ಹಿಡಿ, ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಕೆಂಪು ಲೈನಿಂಗು ಮಾಡುವ ಅವಾಂತರ ಹೊರಗಿನ ಬಟ್ಟೆಗಿಂತ ಜಾಸ್ತಿ.

ಬಣ್ಣ ಬಿಡುತ್ತಿದೆ

ಒದ್ದೆ ಬಟ್ಟೆಗೆ ಬಣ್ಣ ಹತ್ತಿದರೆ ಅದು ನೀರಿಗೆ ಬಿಡುವ ಬಣ್ಣ. ಒಣ ಬಟ್ಟೆಗೂ ಹತ್ತಿದರೆ ಅದು ಉಜ್ಜಿದರೆ ಬಿಡುವ ಬಣ್ಣ. ಎರಡೂ ಬೇರೆ ಕಾಯಿಲೆ, ಔಷಧಿಯೂ ಬೇರೆ.

ಉಜ್ಜಿದರೆ ಬಿಡುವುದರಲ್ಲಿ ಮೊದಲ ಹೆಸರು ನೀಲಿಯದು, ಅಂದರೆ ಇಂಡಿಗೊ. ಇಂಡಿಗೊ ನೂಲಿನ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುವ ಬಣ್ಣವಲ್ಲ. ಸಣ್ಣ ಸಣ್ಣ ಕಣವಾಗಿ ಎಳೆಯ ಮೇಲೆ, ಎಳೆಯ ಸಂದಿಯಲ್ಲಿ ಕೂತಿರುತ್ತದೆ. ಹಾಗಾಗಿ ಹೊಸ ಇಂಡಿಗೊ ಚೀಲ ಭುಜಕ್ಕೆ ಹಾಕಿಕೊಂಡರೆ ಬಿಳಿ ಕುರ್ತಾದ ಸೊಂಟದ ಹತ್ತಿರ ನೀಲಿ ನೆರಳು ಬೀಳುತ್ತದೆ. ಇದು ಚೀಲದ ದೋಷ ಅಂತ ಹೇಳಲಾರೆ, ಅದರ ಗುಣ. ಎರಡು ಮೂರು ಸಲ ತಣ್ಣೀರಿನಲ್ಲಿ ಬರೀ ಜಾಲಿಸಿದರೆ ಮೇಲೆ ಕೂತ ಸಡಿಲ ಬಣ್ಣ ಹೋಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಗಾಢ ಬಣ್ಣದ ಬಟ್ಟೆಯ ಜೊತೆ ಹಾಕಿಕೊಳ್ಳಿ. ತಿಕ್ಕಿ ತಿಕ್ಕಿ ಒಗೆದರೆ ಮಾತ್ರ ಜೀನ್ಸಿನ ಮಂಡಿಯ ಹಾಗೆ ಬಿಳಿಚಿಕೊಳ್ಳುತ್ತದೆ.

ನೀರಿಗೆ ಬಿಡುವ ಬಣ್ಣ ಅಪಾಯ. ಕೆಂಪು, ಮರೂನು, ಕಡು ಹಸಿರು, ಇವುಗಳದ್ದೇ ಕಾಟ. ನಾನು ಶುರುವಿನಲ್ಲಿ ಹೊಲಿದ ಒಂದು ಚೀಲ ಈಗಲೂ ಮನೆಯಲ್ಲಿದೆ. ಕೆನೆಬಣ್ಣದ ಖಾದಿ, ನಡುವೆ ಕೆಂಪು ಖಣದ ಪಟ್ಟಿ. ನೋಡಲು ಚೆಂದವೋ ಚೆಂದ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲದೆ ನೆನೆಸಿಟ್ಟೆ, ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಇಡೀ ಚೀಲ ಗುಲಾಬಿ. ಗಾಬರಿಯಲ್ಲಿ ಹಿಂಡಿ ಬಿಸಿಲಿಗೆ ಹಾಕಿದೆ. ಅದು ಎರಡನೇ ತಪ್ಪು.

ಹತ್ತಿದ ಬಣ್ಣ ಒದ್ದೆಯಿರುವಾಗ ಇನ್ನೂ ಬಿಡಿಸಬಹುದು, ಒಣಗಿದ ಮೇಲೆ ಕಷ್ಟ. ಹಾಗಾಗಿ ಹೀಗಾದರೆ ಒಣಗಲು ಬಿಡಬೇಡಿ. ದೊಡ್ಡ ಟಬ್ಬಿನಲ್ಲಿ ತುಂಬಾ ತಣ್ಣೀರು ತೆಗೆದುಕೊಂಡು ಜಾಲಿಸಿ, ನೀರು ಚೆಲ್ಲಿ, ಮತ್ತೆ ಜಾಲಿಸಿ. ನೀರು ಜಾಸ್ತಿ ಇದ್ದಷ್ಟು ಬಣ್ಣ ತೆಳುವಾಗಿ ಮತ್ತೆ ಬಟ್ಟೆಗೆ ಹತ್ತುವುದು ಕಡಿಮೆ. ನೀರು ತಿಳಿಯಾಗುವವರೆಗೆ ಹತ್ತು ಬಕೆಟ್ಟಾದರೂ ಸರಿ. ಆಮೇಲೆ ಟವೆಲ್ಲಿನ ಮೇಲೆ ಚಪ್ಪಟೆಯಾಗಿ ಹರಡಿ, ಚೀಲದ ಒಳಗೂ ಬಿಳಿ ಬಟ್ಟೆ ತುರುಕಿ ಗಾಳಿಯಲ್ಲಿ ಒಣಗಿಸಿ. ತೂಗುಹಾಕಿದರೆ ಬಣ್ಣದ ನೀರು ಕೆಳಗಿಳಿದು ತಳದಲ್ಲಿ ಗೆರೆಯಾಗಿ ನಿಲ್ಲುತ್ತದೆ.

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಮ್ಮಮ್ಮನೂ ಹೇಳುತ್ತಿದ್ದರು. ಬಣ್ಣ ಹಾಕುವಾಗ ಬಣ್ಣದ ನೀರಿಗೆ ಉಪ್ಪು ಹಾಕುವುದು ನಿಜ. ನೀರಿನಲ್ಲಿರುವ ಬಣ್ಣ ನೂಲಿನ ಕಡೆ ಹೋಗಲಿ ಅಂತ. ಆದರೆ ಹಾಕಿ ಮುಗಿದ ಬಣ್ಣವನ್ನು ಉಪ್ಪು ಕಟ್ಟಿಹಾಕುವುದಿಲ್ಲ. ಉಪ್ಪು ನೀರಿನಲ್ಲಿ ರಾತ್ರಿಯಿಡೀ ನೆನೆಸುವುದು ಅಂದರೆ ರಾತ್ರಿಯಿಡೀ ಬಣ್ಣ ಬಿಡಲು ಟೈಮು ಕೊಟ್ಟ ಹಾಗೆ.

ಬಣ್ಣ ಬಿಟ್ಟಿಲ್ಲ, ಬೇರೆಯಾಗಿದೆ

ಇದು ಗಿಡಮೂಲದ ಬಣ್ಣದ ಚೀಲಗಳ ಕಥೆ. ನೀರು ತಿಳಿಯಾಗೇ ಇದೆ, ಆದರೆ ಚೀಲದ ಬಣ್ಣ ಬದಲಾಗಿದೆ. ಹೆದರಿಕೊಂಡು ಫೋನು ಮಾಡುವವರಿಗೆ ನಾನು ಓಕುಳಿ ನೆನಪಿಸುತ್ತೇನೆ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಅಲ್ವಾ? ಸುಣ್ಣ ಕ್ಷಾರ. ಬಟ್ಟೆ ಸೋಪಿನ ಬಿಲ್ಲೆಯೂ ಕ್ಷಾರ, ವಾಷಿಂಗ್ ಸೋಡಾ ಇನ್ನೂ ಜಾಸ್ತಿ. ಅರಿಶಿನದ ಬಣ್ಣದ ಚೀಲಕ್ಕೆ ಸೋಪು ಹಚ್ಚಿದರೆ ಅಲ್ಲೇ ಓಕುಳಿ.

ನಮ್ಮ ಮಲೆನಾಡಿನ ಅಡಿಕೆ ಚೊಗರಿನದ್ದೂ ಇದೇ ದಾರಿ. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಆ ಕೆಂಪು ರಸದಿಂದ ಬಟ್ಟೆಗೆ ಕಂದು, ನಸುಗೆಂಪು ಬಣ್ಣ ಕೊಡುತ್ತಾರೆ. ಎಲೆಗೆ ಸುಣ್ಣ ಹಚ್ಚಿ ಅಡಿಕೆ ಜಗಿದರೆ ಬಾಯಿ ಕೆಂಪಾಗುವುದು ಯಾಕೋ, ಚೊಗರಿನ ಚೀಲಕ್ಕೆ ಸೋಪಿನ ಬಿಲ್ಲೆ ಉಜ್ಜಿದ ಜಾಗ ಕೆಂಪಗೆ, ಗಾಢವಾಗಿ ಕಾಣುವುದೂ ಅದಕ್ಕೇ. ಗುರುತು ಹಿಡಿಯುವುದು ಸುಲಭ. ಕೈ ಓಡಿದ ಕಡೆ ಮಾತ್ರ ಬಣ್ಣ ಬದಲಾಗಿದ್ದರೆ ಸೋಪಿನ ಕೆಲಸ. ನಾಲ್ಕೈದು ಸಲ ಬರೀ ನೀರಿನಲ್ಲಿ ಜಾಲಿಸಿದರೆ ಅರಿಶಿನ ಹಳದಿಗೆ ಮರಳುತ್ತದೆ. ಚೊಗರು ಅಷ್ಟು ಪೂರ್ತಿ ಮರಳುವುದಿಲ್ಲ, ಆದರೆ ಎದ್ದು ಕಾಣುವುದು ತಗ್ಗುತ್ತದೆ.

ದುಂಡಗೆ, ಹನಿ ಬಿದ್ದ ಹಾಗೆ ಬಣ್ಣ ತೆಳುವಾಗಿದ್ದರೆ ಹುಳಿ ಬಿದ್ದಿದೆ. ನಿಂಬೆರಸ, ಹುಣಸೆ, ಮಜ್ಜಿಗೆ. ಮುಖ್ಯವಾಗಿ ಕಪ್ಪು ಅಚ್ಚಿನ ಬಟ್ಟೆಗಳಲ್ಲಿ ಹೀಗಾಗುತ್ತದೆ. ಕಲಂಕಾರಿಯಂಥ ಬಟ್ಟೆಯ ಕಪ್ಪು ಬರುವುದು ಕಬ್ಬಿಣದ ಚೂರನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ ತೆಗೆದ ರಸದಿಂದ. ಅಳಲೆಕಾಯಿಯ ಒಗರು ಕುಡಿದ ಬಟ್ಟೆಯ ಮೇಲೆ ಆ ರಸ ಬಿದ್ದಾಗ ಕಪ್ಪಾಗುತ್ತದೆ. ನಿಂಬೆಹುಳಿ ಕಬ್ಬಿಣವನ್ನು ಎಳೆದುಕೊಂಡುಬಿಡುತ್ತದೆ, ಕಪ್ಪು ಹೋಗುತ್ತದೆ. ಇದಕ್ಕೆ ಮನೆಮದ್ದಿಲ್ಲ. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಅನ್ನುವ ಸಲಹೆ ಬಿಳಿ ಹತ್ತಿಗೆ ಸರಿ, ಕಲಂಕಾರಿ ಚೀಲಕ್ಕೆ ಹಚ್ಚಿದರೆ ತುಕ್ಕಿನ ಜೊತೆ ಅಚ್ಚಿನ ನವಿಲೂ ಹೋಗುತ್ತದೆ.

ಇದರ ತಿರುಗುಮುರುಗು ಕೂಡ ನೋಡಿದ್ದೇನೆ. ಚೊಗರಿನ ಚೀಲದ ನಡುವೆ ಸ್ಕೇಲಿಟ್ಟು ಎಳೆದ ಹಾಗೆ ಒಂದು ಕಪ್ಪು ಗೆರೆ. ಏನು ಬಿದ್ದಿತು ಅಂತ ಮನೆಯವರಿಗೆ ತಲೆಬುಡ ತಿಳಿದಿರಲಿಲ್ಲ. ಒಣಹಾಕಿದ್ದು ತುಕ್ಕು ಹಿಡಿದ ಕಬ್ಬಿಣದ ತಂತಿಯ ಮೇಲೆ. ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಶಾಯಿ ತಯಾರಾದ ಹಾಗೆ. ಪ್ಲಾಸ್ಟಿಕ್ ಹಗ್ಗದ ಮೇಲೆ ಹಾಕಿ.

ಈ ಬಣ್ಣಗಳಿಗೆ ಅಂಟುವಾಳದ ನೀರು ಒಳ್ಳೆಯದು. ಅದರಲ್ಲಿ ಕ್ಷಾರ ಇಲ್ಲ. ನಾಲ್ಕೈದು ಕಾಯಿಯ ಸಿಪ್ಪೆ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದರೆ ಒಂದು ಚೀಲಕ್ಕೆ ಸಾಕು. ಅಚ್ಚ ಬಿಳಿ ಬಟ್ಟೆಗೆ ಮಾತ್ರ ಸ್ವಲ್ಪ ಕಂದು ಛಾಯೆ ಬರಬಹುದು. ಅಂಟುವಾಳ ಸಿಗದಿದ್ದರೆ ತಲೆಗೆ ಹಾಕುವ ಶಾಂಪೂ ಅರ್ಧ ಚಮಚ ಹಾಕಿ.

ಗುಳ್ಳೆ, ಸುಕ್ಕು, ಸೊರಗಿದ ಚೀಲ

ಮೂರೂ ನೋಡಲು ಒಂದೇ ಥರ. "ಇಸ್ತ್ರಿ ಮಾಡಿದ್ರೂ ನೆಟ್ಟಗಾಗ್ತಿಲ್ಲ" ಅನ್ನುವ ದೂರೂ ಒಂದೇ. ಕಾರಣ ಮೂರು.

ಮೊದಲು ಉಬ್ಬಿದ ಜಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ಹೊರ ಬಟ್ಟೆ ಒಂದೇ ಮೇಲೆದ್ದು ಬಂದು, ಒಳಗಿನ ಗಟ್ಟಿ ಪದರ ಹಿಂದೆ ಉಳಿದರೆ ಫ್ಯೂಸಿಂಗ್ ಬಿಟ್ಟಿದೆ. ಅಂಟಿರುವ ಕ್ಯಾನ್ವಾಸನ್ನು ಇಸ್ತ್ರಿಯ ಬಿಸಿಯಲ್ಲಿ ಬಟ್ಟೆಗೆ ಕೂರಿಸಿರುತ್ತೇವಲ್ಲ, ಆ ಅಂಟು ಬಿಸಿನೀರಿಗೋ ಮಷಿನ್ ಹೊಡೆತಕ್ಕೋ ಸಡಿಲವಾಗಿದೆ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧ ತಪ್ಪು ಹೊಲಿದವರದ್ದು. ಇಸ್ತ್ರಿಯನ್ನು ಒಂದೊಂದು ಜಾಗದಲ್ಲಿ 10ರಿಂದ 15 ಸೆಕೆಂಡು ಒತ್ತಿ ಹಿಡಿಯಬೇಕು. ಅವಸರದಲ್ಲಿ ಅಂಗಿಗೆ ಓಡಿಸಿದ ಹಾಗೆ ಓಡಿಸಿದರೆ ಅಂಟು ಅರೆಬರೆ ಕರಗಿರುತ್ತದೆ, ಮೊದಲ ಒಗೆತಕ್ಕೇ ಏಳುತ್ತದೆ. ನಾನೂ ಹೀಗೆ ಮಾಡಿದ್ದೇನೆ. ರಿಪೇರಿ ಅಂದರೆ ಅದೇ ಕೆಲಸ ಮತ್ತೆ. ಚೀಲದ ಒಳಗೆ ಮಡಿಸಿದ ಟವೆಲ್ ತುರುಕಿ, ಮೇಲೆ ಒದ್ದೆ ಬಟ್ಟೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ. ಎತ್ತಿ ಇಡಿ, ಎಳೆಯಬೇಡಿ. ಪೂರ್ತಿ ತಣ್ಣಗಾಗುವವರೆಗೆ ಚೀಲ ಅಲ್ಲಾಡಿಸಬೇಡಿ, ಅಂಟು ಹಿಡಿಯುವುದು ಆರುವಾಗ. ರೇಷ್ಮೆ ಖಣಕ್ಕೆ ಕಡಿಮೆ ಬಿಸಿ, ನಡುವೆ ಒಣ ಬಟ್ಟೆ. ಎರಡು ಸಲ ಮಾಡಿದರೂ ಎದ್ದರೆ ಅಂಟು ಸತ್ತಿದೆ. ಲೈನಿಂಗಿನ ಆ ಗೇಣುದ್ದದ ಬಾಯಿ ಬಿಚ್ಚಿ ಹೊಸ ಕ್ಯಾನ್ವಾಸು ಹಾಕಿಸಬೇಕು.

ಚಿವುಟಿದಾಗ ಪದರಗಳು ಬೇರೆಯಾಗದೆ, ಸುಕ್ಕು ಹೊಲಿಗೆಯ ಸಾಲಿನಿಂದಲೇ ಹುಟ್ಟಿದ್ದರೆ ಕುಗ್ಗಿದೆ ಅಂತ ಅರ್ಥ. ನೀರು ತೋರಿಸದೆ ಕತ್ತರಿಸಿದ ಕೈಮಗ್ಗದ ಹತ್ತಿ ಮೊದಲ ಒಗೆತದಲ್ಲಿ ನೂರಕ್ಕೆ ಮೂರೋ ಐದೋ ಪಾಲು ಕುಗ್ಗುವುದು ಸಾಮಾನ್ಯ. 40 ಸೆಂಟಿಮೀಟರ್ ಚೀಲದಲ್ಲಿ ಅದು ಒಂದೂಕಾಲರಿಂದ ಎರಡು ಸೆಂಟಿಮೀಟರ್. ಪಾಲಿಯೆಸ್ಟರ್ ಲೈನಿಂಗು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಆಗ ಲೈನಿಂಗು ಸೀರೆಯ ಕೆಳಗೆ ಇಣುಕುವ ಲಂಗದ ಹಾಗೆ ಬಾಯಿಂದ ಹೊರಗೆ ಬರುತ್ತದೆ. ಇದನ್ನು ಸರಿಮಾಡುವುದು ಸುಲಭ. ಲೈನಿಂಗಿನ ತಳದಲ್ಲಿ ಎರಡು ಸೆಂಟಿಮೀಟರ್ ಒಳಗೆ ಇನ್ನೊಂದು ಸಾಲು ಹೊಲಿಗೆ ಹಾಕಿದರೆ ಆಯಿತು. ಉಲ್ಟಾ ಆದರೆ, ಅಂದರೆ ಹತ್ತಿಯ ಲೈನಿಂಗು ಕುಗ್ಗಿ ಹೊರ ಬಟ್ಟೆ ಸುಕ್ಕಾದರೆ, ಲೈನಿಂಗನ್ನೇ ಬಿಚ್ಚಿ ಹೊಸದು ಹಾಕದೆ ದಾರಿಯಿಲ್ಲ. ಖಣದಲ್ಲಿ ಹತ್ತಿಯ ಹೊಕ್ಕು ಕುಗ್ಗಿ ರೇಷ್ಮೆಯ ಹಾಸು ಅಷ್ಟು ಕುಗ್ಗದೆ, ಬಟ್ಟೆಯ ಮೇಲೆಲ್ಲಾ ಸಣ್ಣ ಉಬ್ಬು ಬರುವುದುಂಟು. ಒದ್ದೆಯಿರುವಾಗಲೇ ಅಡ್ಡಕ್ಕೆ ಮೆಲ್ಲಗೆ ಎಳೆದು ಪಿನ್ ಹಾಕಿ ಒಣಗಿಸಿದರೆ ಸುಮಾರಾಗಿ ಸರಿಯಾಗುತ್ತದೆ.

ಗುಳ್ಳೆಯೂ ಇಲ್ಲ, ಸುಕ್ಕೂ ಇಲ್ಲ, ಚೀಲ ಸುಮ್ನೆ ಸೊಪ್ಪಾಗಿ ಬಿದ್ದಿದೆ ಅಂದರೆ ಬಕ್ರಂನ ಗಂಜಿ ಹೋಗಿದೆ ಅಥವಾ ತಳದ ರಟ್ಟು ಕರಗಿದೆ. ರಟ್ಟನ್ನು ಲೈನಿಂಗಿನ ಆ ಬಾಯಿಂದ ತೆಗೆದು ಬಿಸಾಡಿ, ಅದೇ ಅಳತೆಗೆ ಹಳೆಯ ಪ್ಲಾಸ್ಟಿಕ್ ಫೈಲಿನ ಹೊದಿಕೆ ಕತ್ತರಿಸಿ ಹಾಕಿ. ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲದಿದ್ದರೆ ಬಟ್ಟೆ ತೂತಾಗುತ್ತದೆ.

ಒಳಗೆ ಕೈ ಹಾಕಿದರೆ ಪುಡಿ ಅಂಟುತ್ತಿದೆಯೇ? ಹಳದಿ ಪುಡಿಯಾದರೆ ಫೋಮು ಹಳತಾಗಿ ಉದುರುತ್ತಿದೆ. ಕಪ್ಪು ಸಿಪ್ಪೆಯ ಥರ ಆದರೆ ರೆಕ್ಸಿನ್ ಲೈನಿಂಗು ಸುಲಿಯುತ್ತಿದೆ. ತೇವದ ಊರಿನಲ್ಲಿ ರೆಕ್ಸಿನ್ನಿನ ಮೇಲ್ಪದರ ಚೀಲ ಬಳಸದೆ ಇಟ್ಟರೂ ಬಿಡುತ್ತದೆ. ಎರಡಕ್ಕೂ ತೊಳೆಯುವುದು ಉತ್ತರವಲ್ಲ, ಬದಲಾಯಿಸಿ.

ಬಿಳಿ ಪುಡಿ, ಕಪ್ಪು ಚುಕ್ಕೆ, ಮುಗ್ಗು ವಾಸನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಚೀಲದ ಮಾತೇನು. ಕಪಾಟಿನಿಂದ ತೆಗೆದ ಚೀಲದ ಮೇಲೆ ಬಿಳಿ ಕಂಡರೆ ಎಲ್ಲರೂ ಬೂಷ್ಟು ಅನ್ನುತ್ತಾರೆ. ಪ್ರತಿ ಸಲ ಅದು ಬೂಷ್ಟಲ್ಲ. ಆ ಬಿಳಿಯ ಮೇಲೆ ಒಂದು ಹನಿ ನೀರು ಬಿಡಿ. ಹನಿಯ ಕೆಳಗೆ ಬಿಳಿ ಮಾಯವಾಗಿ, ಬೆರಳಿಗೆ ಜಾರಿಕೆ ಅನ್ನಿಸಿ, ಒಣಗಿದ ಮೇಲೆ ಅಲ್ಲೇ ಮತ್ತೆ ಬಂದರೆ ಸೋಪು ಉಳಿದಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಿಲ್ಲೆ ಸೋಪು ಹಾಕಿ ಒಗೆಯುವ ಮನೆಗಳಲ್ಲಿ ಇದು ತುಂಬಾ. ಮಳೆನೀರು ಅಥವಾ ಫಿಲ್ಟರ್ ನೀರಿನಲ್ಲಿ ಎರಡು ಸಲ ಜಾಲಿಸಿದರೆ ಕಡಿಮೆಯಾಗುತ್ತದೆ. ಹತ್ತಿಯ ಹಾಗೆ ತುಪ್ಪುಳು ಕಂಡು, ಮೂಗಿಗೆ ಮುಗ್ಗು ವಾಸನೆ ಬಂದರೆ ಅದು ಬೂಷ್ಟು.

ಬೂಷ್ಟು ಬಿಳಿಯಿದ್ದಾಗಲೇ ಹಿಡಿಯಬೇಕು. ಮನೆಯ ಒಳಗೆ ಕೊಡವಬೇಡಿ, ಪುಡಿ ಹಾರಿ ಉಳಿದ ಚೀಲಗಳ ಮೇಲೆ ಕೂರುತ್ತದೆ. ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಶ್ಶಿನಿಂದ ತೆಗೆಯಿರಿ. ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಅದನ್ನು ನೂಲಿನೊಳಗೆ ತಿಕ್ಕಿದ ಹಾಗಾಗುತ್ತದೆ. ಆಮೇಲೆ ಚೀಲವನ್ನು ಒಳಗು ಹೊರಗು ಮಾಡಿ ಬಿಸಿಲಿಗೆ ಇಡಿ. ಬಿಸಿಲೇ ಇಲ್ಲದ ವಾರವಾದರೆ, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಸ್ಪಿರಿಟ್ಟು ಅಥವಾ ಬಣ್ಣವಿಲ್ಲದ ಸ್ಯಾನಿಟೈಸರನ್ನು ಹತ್ತಿಯಲ್ಲಿ ಅದ್ದಿ ಒತ್ತಿ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆಗೆದಿರಲಿ. ಒಂದು ವರ್ಷ ನಾನು ನಾಲ್ಕು ಚೀಲಗಳನ್ನು ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಪಕ್ಕ ಇಟ್ಟೆ. ಬೂಷ್ಟು ಒಂದು ಚೂರೂ ಬರಲಿಲ್ಲ. ಆದರೆ ಚೀಲ ತಗೊಂಡವರು ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು ಅಂತ ವಾಪಸ್ಸು ತಂದರು.

ಕಪ್ಪು ಚುಕ್ಕೆಯಾದರೆ ಬೂಷ್ಟು ನೂಲಿನೊಳಗೆ ಬಣ್ಣ ಬಿಟ್ಟಾಗಿದೆ. ಬೂಷ್ಟು ಸಾಯುತ್ತದೆ, ಚುಕ್ಕೆ ಉಳಿಯುತ್ತದೆ. ಬಿಳಿ ಹತ್ತಿಯಾದರೆ ಆಕ್ಸಿಜನ್ ಬ್ಲೀಚಿನಲ್ಲಿ ಮಸುಕಾಗಬಹುದು. ಕ್ಲೋರಿನ್ ಇರುವ ಬ್ಲೀಚನ್ನು ರೇಷ್ಮೆಯ ಹತ್ತಿರ ತರಲೇಬೇಡಿ, ಹಳದಿಯಾಗಿ ಎಳೆಯೇ ಕರಗಿಹೋಗುತ್ತದೆ.

ಗಂಜಿ ಹಾಕಿದ ಚೀಲವನ್ನು ಮಳೆಗಾಲಕ್ಕೆ ಎತ್ತಿಡಬೇಡಿ. ಗಂಜಿ ಅಂದರೆ ಬೂಷ್ಟಿಗೂ ಬೆಳ್ಳಿಮೀನು ಹುಳಕ್ಕೂ ಊಟ. ಅಂಚಿನಲ್ಲಿ ಕೆರೆದ ಹಾಗೆ ತೆಳುವಾದ ಜಾಗ ಕಂಡರೆ ಅದು ಆ ಹುಳದ ಕೆಲಸ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದೂ ಬೇಡ, ತೇವ ಒಳಗೇ ಉಳಿಯುತ್ತದೆ. ಹಳೆಯ ದಿಂಬಿನ ಚೀಲ, ಪಂಚೆಯ ತುಂಡು ಸಾಕು. ನಡುವೆ ಒಣಗಿದ ಬೇವಿನ ಎಲೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ ದೂರ ಇಡಿ, ಪ್ಲಾಸ್ಟಿಕ್ ಮಣಿ ಚಮಕಿಗೆ ತಾಗಿದರೆ ಅವು ಮೆತ್ತಗಾಗಿ ಅಂಟಿಕೊಳ್ಳಬಹುದು.

ಕಲೆ

ಟಿಫಿನ್ ಡಬ್ಬಿ ಸೋರಿದ್ದು ಬಿಟ್ಟರೆ ಚೀಲಕ್ಕೆ ಬೇರೆ ಕಲೆ ಅಪರೂಪ. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲದರಲ್ಲೂ ಇರುವುದು ಎಣ್ಣೆ ಮತ್ತು ಅರಿಶಿನ. ಮೊದಲು ಎಣ್ಣೆ. ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರು ದಪ್ಪಗೆ ಉದುರಿಸಿ, ಎರಡು ಮೂರು ಗಂಟೆ ಬಿಟ್ಟು ಕೊಡವಿ, ಇನ್ನೊಂದು ಸಲ ಹಾಕಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ. ಕಲೆ ಕೆಂಪಾದರೆ ಗಾಬರಿ ಬೇಡ, ಮತ್ತೆ ಓಕುಳಿ ಅಷ್ಟೇ, ಜಾಲಿಸಿದರೆ ಹಳದಿಯಾಗುತ್ತದೆ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಒಂದೆರಡು ದಿನದಲ್ಲಿ ತಾನಾಗೇ ಮಾಸುತ್ತದೆ. ಬೇರೆ ಬಣ್ಣ ಮಾಸದಿರಲು ಕಲೆಯಷ್ಟೇ ಜಾಗ ಬಿಟ್ಟು ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿ.

ಪೆನ್ನಿನ ಶಾಯಿಗೆ ಸ್ಪಿರಿಟ್ಟು, ಕೆಳಗೆ ಟಿಶ್ಯೂ ಇಟ್ಟು ಒತ್ತಿ. ಮ್ಯಾಗ್ನೆಟ್ ಬಟನ್ನಿನ ತುಕ್ಕಿಗೆ ಬಿಳಿ ಹತ್ತಿಯಲ್ಲಿ ಅದೇ ನಿಂಬೆರಸ ಮತ್ತು ಉಪ್ಪು, ಬೇರೆಯದರಲ್ಲಿ ಬಟನ್ ಬದಲಾಯಿಸಿ ಮೇಲೊಂದು ಬಟ್ಟೆಯ ತುಂಡು ಹೊಲಿಯಿರಿ.

ಕಲೆ ತೆಗೆದ ಜಾಗದಲ್ಲಿ ದುಂಡನೆಯ ಗೆರೆ ಉಳಿದರೆ ಅದು ಹೊಸ ಕಲೆಯಲ್ಲ. ನೀರು ಹರಡುತ್ತಾ ಕೊಳೆ, ಗಂಜಿಯನ್ನು ಅಂಚಿಗೆ ತಳ್ಳಿಕೊಂಡು ಹೋಗಿ ಅಲ್ಲಿ ಒಣಗಿದೆ. ಅಲ್ಲಿ ಮತ್ತೆ ಉಜ್ಜಿದರೆ ಗೆರೆ ಇನ್ನೂ ಆಚೆ ಹೋಗುತ್ತದೆ. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ಭಾಗಕ್ಕೆ ಸ್ಪ್ರೇ ಬಾಟಲಿಯಿಂದ ಸಮನಾಗಿ ನೀರು ಚಿಮುಕಿಸಿ, ಒಣ ಬಿಳಿ ಬಟ್ಟೆ ಒತ್ತಿ ತೇವ ಎಳೆಯಿರಿ.

ಜಿಪ್ಪು, ಹಿಡಿ, ಕನ್ನಡಿ

ಜಿಪ್ಪು ಬಿಗಿಯಾದರೆ ಮೇಣದಬತ್ತಿ ಉಜ್ಜಿ. ಎಳೆದ ಹಿಂದೆಯೇ ಬಾಯಿ ಬಿಟ್ಟರೆ ಹಲ್ಲಿನ ತಪ್ಪಲ್ಲ, ರನ್ನರ್ ಸವೆದಿದೆ. ಇಕ್ಕಳದಿಂದ ಎರಡು ಬದಿಯನ್ನೂ ಚೂರೇ ಚೂರು ಒತ್ತಿ. ಜಾಸ್ತಿ ಒತ್ತಿದರೆ ಮುರಿಯುತ್ತದೆ, ಆಮೇಲೆ ಹೊಸ ರನ್ನರ್.

ಹಿಡಿ ಕಪ್ಪಾಗುವುದು ಬೆವರು ಮತ್ತು ಕೈಯ ಜಿಡ್ಡಿನಿಂದ. ಶಾಂಪೂ ನೊರೆಯಿಂದ ಹಿಡಿಯನ್ನಷ್ಟೇ ಒರೆಸಿದರೆ ಸಾಕು, ಇದಕ್ಕಾಗಿ ಇಡೀ ಚೀಲ ಮುಳುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಡಿಯ ಬುಡ ಹರಿದಿದ್ದರೆ ಹೊಲಿಗೆ ಬಿಟ್ಟಿದೆಯೋ ಬಟ್ಟೆ ಹರಿದಿದೆಯೋ ನೋಡಿ. ಹೊಲಿಗೆ ಬಿಟ್ಟಿದ್ದರೆ ಪಾಲಿಯೆಸ್ಟರ್ ದಾರದಲ್ಲಿ ಚೌಕ ಹೊಡೆದು ಒಳಗೆ ಅಡ್ಡ ಗೆರೆ ಎರಡು. ಬಟ್ಟೆ ಹರಿದಿದ್ದರೆ ಅದೇ ಜಾಗದಲ್ಲಿ ಮತ್ತೆ ಹೊಲಿದರೆ ವಾರದಲ್ಲಿ ಹರಿಯುತ್ತದೆ. ಒಳಗಿನಿಂದ ಅಂಗೈಯಗಲದ ಗಟ್ಟಿ ಬಟ್ಟೆ ಕೊಟ್ಟು, ಹೊಸ ಜಾಗದಲ್ಲಿ ಹಿಡಿ ಕೂರಿಸಿ.

ಸಂಡೂರಿನ ಲಂಬಾಣಿ ಚೀಲದಲ್ಲಿ ಕನ್ನಡಿ ಬಿದ್ದರೆ ಸೂಪರ್ ಗ್ಲೂ ಹಾಕಬೇಡಿ. ಅದರ ಆವಿ ಕನ್ನಡಿಯ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಕನ್ನಡಿಯನ್ನು ಹಿಡಿದಿದ್ದದ್ದು ದಾರ, ಅಂಟಲ್ಲ. ಎರಡು ದಾರ ನೆಟ್ಟಗೆ, ಎರಡು ಅಡ್ಡಕ್ಕೆ ಎಳೆದು ಕಟ್ಟಿ, ಅದರ ಸುತ್ತ ಕಸೂತಿ ತುಂಬಿ. ಗೆಜ್ಜೆ ಮಸುಕಾಗಿದೆ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹುಳಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಒಣ ಬಟ್ಟೆಯಿಂದ ಒರೆಸಿದಷ್ಟಕ್ಕೆ ತೃಪ್ತಿಪಡಿ.

ಧಾರವಾಡದ ಕಸೂತಿಯಲ್ಲಿ ಎಳೆ ಎದ್ದರೆ ಕತ್ತರಿ ಹಾಕಲೇಬೇಡಿ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ, ಕತ್ತರಿಸಿದ ತುದಿಯಿಂದ ಸಾಲೇ ಬಿಚ್ಚಿಕೊಳ್ಳುತ್ತದೆ. ದಪ್ಪ ಸೂಜಿಯ ಮೊನೆಯಲ್ಲಿ ಎದ್ದ ಎಳೆಯನ್ನು ಹಿಂಬದಿಗೆ ದೂಡಿ, ಅಕ್ಕಪಕ್ಕದ ಹೊಲಿಗೆಗೆ ಹಂಚಿ.

ಇಷ್ಟಾದ ಮೇಲೂ ಒಗೆಯಲೇಬೇಕು ಅಂದರೆ

ರಟ್ಟಿಲ್ಲ, ಬಕ್ರಂ ಇಲ್ಲ, ಬಣ್ಣ ಬಿಡುವುದಿಲ್ಲ ಅಂತ ಗೊತ್ತಾದ ಚೀಲವನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಅದ್ದಿ, ಕೈಯಲ್ಲಿ ಒತ್ತಿ ಒತ್ತಿ ತೊಳೆಯಿರಿ. ಜೇಬಿನಲ್ಲಿ ಬಸ್ ಟಿಕೆಟ್ಟು, ಕುಂಕುಮದ ಪೊಟ್ಟಣ ಇದೆಯಾ ನೋಡಿ. ಕುಂಕುಮದ ಪೊಟ್ಟಣದಿಂದ ಕೆಟ್ಟ ಚೀಲ ನಾನು ಕಂಡದ್ದೇ ಮೂರು. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಹಿಡಿಯಿಂದ ತೂಗುಹಾಕಿದರೆ ನೀರಿನ ಭಾರಕ್ಕೆ ಹಿಡಿ ಉದ್ದವಾಗುತ್ತದೆ, ತಲೆಕೆಳಗೆ ಮಾಡಿ ತಳಕ್ಕೆ ಕ್ಲಿಪ್ಪು ಹಾಕಿ ನೆರಳಿನಲ್ಲಿ ಬಿಡಿ. ಆಕಾರ ನಿಲ್ಲಲು ಒಳಗೆ ಹಳೆ ಬಟ್ಟೆ ತುಂಬಿ. ಪೇಪರ್ ತುಂಬಿದರೆ ಅದರ ಶಾಯಿ ತಿಳಿ ಬಣ್ಣದ ಲೈನಿಂಗಿಗೆ ಇಳಿಯುತ್ತದೆ.

ಆ ಗುಲಾಬಿಯಾದ ಖಾದಿ ಚೀಲ ಈಗ ನನ್ನ ಅಂಗಳದ ಹಗ್ಗಕ್ಕೆ ತೂಗುಬಿದ್ದಿದೆ, ಬಟ್ಟೆಯ ಕ್ಲಿಪ್ಪುಗಳನ್ನು ಹಾಕಿಡಲು. ಖಣದ ಪಟ್ಟಿ ಇನ್ನೂ ಕೆಂಪಗೇ ಇದೆ. ಮಳೆ ಬಂದಾಗಲೆಲ್ಲ ಒಳಗೆ ತರಲು ಮರೆಯುತ್ತೇನೆ, ಈಗಲೂ ಒಂದಿಷ್ಟು ಬಣ್ಣ ಬಿಡುತ್ತದೆ.